ಅಂಚಿನಲ್ಲಿ ಕಾದಿದ್ದ ಮಾತು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವ್ವನಿಗೆ ಲಕ್ವಾ ಹೊಡೆದ ದಿನ ಅವಳು ಹಸಿರು ಸೀರೆ ಉಟ್ಟಿದ್ದಳೆಂದು ನನ್ನ ನೆನಪು. ದೊಡ್ಡವ್ವ ನೀಲಿ ಎನ್ನುತ್ತಾಳೆ. ಪಾರಿವಾಳ ರೆಕ್ಕೆ ಬಡಿದ ಸದ್ದು ನನಗೆ ಈಗಲೂ ಕೇಳುತ್ತದೆ. ಅದನ್ನು ಕೊಯ್ಯುವಾಗ ನಾನು ಅಲ್ಲಿರಲೇ ಇಲ್ಲ. ಸಂಡೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ.

ಚಿತ್ತವಾಡ್ಗಿಯ ಮನೆಯಲ್ಲಿ ನಾವು ಮೂವರು ಹೆಂಗಸರು: ನಾನು, ಅವ್ವ, ಅವ್ವನ ಅಕ್ಕ. ಅವತ್ತು ಅವ್ವ ಏಳುವ ಮೊದಲೇ ನಾನು ಬಸ್ಸು ಹಿಡಿದಿದ್ದೆ. ಹೊತ್ತೇರಿದ ಮೇಲೆ ದೊಡ್ಡವ್ವ ನೋಡಿದರೆ ಅವ್ವನ ಬಾಯಿ ಒಂದು ಕಡೆ ಎಳೆದಿತ್ತು, ಬಲಗೈ ಜೋತುಬಿದ್ದಿತ್ತು. ಹೊಸಪೇಟೆಯ ಆಸ್ಪತ್ರೆ ಹತ್ತಿರವೇ. ಆದರೂ ದೊಡ್ಡವ್ವ ಆಟೋವನ್ನು ದೂರದ ಕಂಪ್ಲಿ ಕಡೆ ತಿರುಗಿಸಿದಳು. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ಹಚ್ಚಬೇಕು, ಮೊದಲೇ ಸೂಜಿ ಚುಚ್ಚಿಸಿದರೆ ಆಮೇಲೆ ಅದು ಹತ್ತುವುದಿಲ್ಲ ಎಂದು ನಮ್ಮ ಓಣಿಯಲ್ಲಿ ನಂಬುತ್ತಾರೆ. ಕಂಪ್ಲಿಯಲ್ಲಿ ಅದನ್ನು ಹಚ್ಚುವವನು ಗದ್ದೆಗೆ ಹೋಗಿದ್ದನಂತೆ. ಅವನು ಬರುವ ತನಕ ಅವ್ವನನ್ನು ಕಟ್ಟೆಯ ಮೇಲೆ ಮಲಗಿಸಿ ಕಾದರಂತೆ.

ಮೊಟ್ಟೆಯೂ ಒಳಗೆ ಬರದ ಮನೆ ನಮ್ಮದು. ಲಿಂಗಪೂಜೆಯಾಗದೆ ದೊಡ್ಡವ್ವ ಒಂದು ಗುಟುಕು ನೀರೂ ಕುಡಿಯುವವಳಲ್ಲ. ತಂಗಿಗಾಗಿ ಅವಳು ಅದನ್ನೂ ದಾಟಿದ್ದಳು.

ರಕ್ತ ಹಚ್ಚಿಸಿದ ಮೇಲೆಯೇ ಅವ್ವನನ್ನು ಹೊಸಪೇಟೆಗೆ ತಂದರು. ಸಂಜೆ ನಾನು ಆಸ್ಪತ್ರೆಗೆ ಓಡಿಬಂದಾಗ ನರ್ಸ್ ಅವ್ವನ ಕೆನ್ನೆ ಒರೆಸುತ್ತಿದ್ದಳು.

"ಎಲ್ಲಿ ಬಿದ್ರು? ತಲಿಗೆ ಪೆಟ್ಟಾಗೇತೇನ್ರಿ?"

"ಬಿದ್ದಿಲ್ಲವ್ವ. ಅದು ಅಕಿ ರಕ್ತ ಅಲ್ಲ," ಎಂದಳು ದೊಡ್ಡವ್ವ.

"ಮತ್ತ ಯಾರದ್ರಿ?"

"ಪಾರಿವಾಳದ್ದು."

"ಚಲೋ ಆತು ಬಿಡ್ರಿ. ಅದಕ್ಕೂ ಒಂದು ಬೆಡ್ ಹಾಕ್ಸೂಣೇನು?"

ನನಗೆ ನಗು ಬಂತು. ಆ ನಗುವನ್ನು ನೆನೆದರೆ ಈಗ ಭಯವಾಗುತ್ತದೆ.

ಡಾಕ್ಟರರು ಕೇಳಿದ್ದು ಒಂದೇ: ಇವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ? "ಏಳೂವಾಗ್ಲೇ ಮಾತಿರ್ಲಿಲ್ರಿ," ಎಂದಳು ದೊಡ್ಡವ್ವ. ಹಾಗಾದರೆ ನಿದ್ದೆಯಲ್ಲೇ ಆಗಿದೆ, ಮಾತು ಅಲ್ಲೇ ಹೋಗಿದೆ, ಯಾರೂ ಏನೂ ಮಾಡುವಂತಿರಲಿಲ್ಲ ಎಂದುಕೊಂಡೆ. ಬಹಳ ಕಾಲ ಆ ಉತ್ತರವನ್ನು ನೆಚ್ಚಿ ಬದುಕಿದೆ.

ಆದರೂ ಲಕ್ವಾದ ಬಗ್ಗೆ ಓದದೆ ಇರಲಾಗಲಿಲ್ಲ. ರಕ್ತ ಕಡಿಮೆಯಾದೊಡನೆ ಮಿದುಳೆಲ್ಲ ಒಟ್ಟಿಗೆ ಸಾಯುವುದಿಲ್ಲ. ಆಮ್ಲಜನಕ ಸಾಲದ ಜೀವಕೋಶಗಳು ಸಕ್ಕರೆಯನ್ನು ಅರ್ಧಂಬರ್ಧ ಬಳಸುತ್ತವೆ, ಲ್ಯಾಕ್ಟಿಕ್ ಆಮ್ಲ ಸೇರತೊಡಗುತ್ತದೆ. ಸೋಡಿಯಂ ಅನ್ನು ಹೊರಗೆ ತಳ್ಳುವ ಶಕ್ತಿ ಉಳಿಯದೆ ಅದು ಒಳಗೆ ನುಗ್ಗುತ್ತದೆ, ಅದರ ಬೆನ್ನಿಗೆ ನೀರು, ಕೋಶ ಊದಿಕೊಳ್ಳುತ್ತದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಚೂರುಚೂರೇ ಬಳಸುವ ಗ್ಲುಟಮೇಟ್ ಒಮ್ಮೆಲೇ ಚೆಲ್ಲಿಹೋಗುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ಹರಿದು ಪಕ್ಕದ ಕೋಶಗಳೂ ಸಾಯುತ್ತವೆ. ನಡುಭಾಗ ಬೇಗ ಹೋಗುತ್ತದೆ. ಸುತ್ತಲಿನ ಅಂಚು ಮಾತ್ರ ಕೆಲಸ ನಿಲ್ಲಿಸಿ, ಸಾಯದೆ, ರಕ್ತಕ್ಕಾಗಿ ಸ್ವಲ್ಪ ಹೊತ್ತು ಕಾಯುತ್ತದೆ. ಅಷ್ಟರೊಳಗೆ ಚಿಕಿತ್ಸೆ ಸಿಕ್ಕು ರಕ್ತ ಮರಳಿದರೆ ಅದು ಉಳಿಯಬಹುದು.

ಆ ಕಾಯುವಿಕೆ ನನ್ನನ್ನು ಬಿಡುವುದಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಲ್ಯಾಕ್ಟಿಕ್ ಆಮ್ಲದ ಸೂತ್ರ ಬರೆಯುವಾಗ ಕಟ್ಟೆಯ ಮೇಲೆ ಮಲಗಿದ ಅವ್ವ ಕಾಣುತ್ತಾಳೆ.

ಈಗ ಅವ್ವನಿಗೆ ಉಳಿದಿರುವುದು ಒಂದು "ಹ್ಞೂ." ಬಿಸಿಲು ಜೋರೇ ಅಂದರೂ ಹ್ಞೂ, ನೋವಿದೆಯೇ ಅಂದರೂ ಹ್ಞೂ. ತುತ್ತು ಬಾಯಿಗಿಡುವುದು ದೊಡ್ಡವ್ವನೇ; ನನಗೆ ಬಿಡುವುದಿಲ್ಲ. ಮೊನ್ನೆ ಅವ್ವ ಎಡಗೈಯಿಂದ ಚಮಚ ತಳ್ಳಿದಳು. ಅಂಬಲಿ ದೊಡ್ಡವ್ವನ ಮಡಿಲಿಗೆ ಬಿತ್ತು.

"ನೋಡಲೇ ಇಕಿ ಹಟ!" ದೊಡ್ಡವ್ವ ನಕ್ಕಳು. "ಅವತ್ತೂ ಹಿಂಗಽ. ಅಂವ ರಕ್ತ ಹಚ್ಚಾಕ ಬಂದ್ರ, 'ಬ್ಯಾಡಕ್ಕ, ಮೈಲಿಗಿ ಆಗತೈತಿ' ಅಂತ ಮಾರಿ ತಿರುವಿದ್ಲು."

ಹೇಳಿದ ಮೇಲೆ ಅವಳ ನಗು ನಿಂತಿತು. ಸೆರಗಿನಿಂದ ಮಡಿಲು ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು.

ಅವ್ವ ಬರೀ ಮುಖ ತಿರುಗಿಸಿರಬಹುದು; ಆ ಮಾತನ್ನು ದೊಡ್ಡವ್ವನ ನೆನಪು ಆಮೇಲೆ ಸೇರಿಸಿರಬಹುದು. ನೆನಪು ಏನೇನು ಮಾಡುತ್ತದೆಂದು ನನಗೆ ಗೊತ್ತು. ಅದಕ್ಕೇ ಕೇಳಿದೆ. ಅವಳು ಬಟ್ಟಲು ತೊಳೆಯಲು ಎದ್ದು ಹೋದಳು. ಆಮೇಲೂ ಕೇಳಿದೆ; ಪೂಜೆಗೆ ಹೊತ್ತಾಯಿತು ಎಂದಳು. ಅವ್ವನೆದುರಿಗೇ ಕೇಳಿದ್ದೇನೆ. ಅವ್ವ ಹ್ಞೂ ಅಂದಳು, ದೊಡ್ಡವ್ವ ಅವಳ ದಿಂಬು ಸರಿಮಾಡಿದಳು. ನಾನು ಕೇಳುವುದು ಇಷ್ಟೇ:

"ದೊಡ್ಡವ್ವ, ಹಂಗಾದ್ರ ಕಂಪ್ಲಿ ಮುಟ್ಟೂ ತನಕ ಅವ್ವಗ ಮಾತಿತ್ತೇನು?"