ನಾನು ಗುಡಿಸಿದ ಹಳ್ಳ

ಕಸ ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು ತಪ್ಪಿದರೂ ನನ್ನ ಹುಬ್ಬು ಗಂಟಿಕ್ಕುತ್ತದೆ. ಹೆಂಡತಿ ಕಂಡೂ ಕಾಣದಂತೆ ಇರುತ್ತಾಳೆ. ಮಗಳು ಬೇಕಂತಲೇ ಒಂದು ಚಪ್ಪಲಿಯನ್ನು ಅಡ್ಡ ಬಿಟ್ಟು ಹೋಗುತ್ತಾಳೆ. ಈ ಸ್ವಭಾವದಿಂದ ಯಾರಿಗೂ ಕೇಡಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಆದರೆ ನನ್ನ ಸೋದರತ್ತೆಗೆ ಆಗಿತ್ತು. ಆಕೆಯ ಹಳ್ಳ ಬತ್ತಿದ್ದು ನನ್ನ ಕೈಯಿಂದ.

ಅತ್ತೆಯ ಊರು ಧಾರವಾಡದ ಲಕಮನಹಳ್ಳಿ ದಾಟಿ ಇನ್ನೊಂದಿಷ್ಟು ಒಳಗೆ. ಮನೆಯ ಹಿಂದೆ ಹೊಲ, ಹೊಲದ ಕೆಳಗೆ ಹಳ್ಳ. ಹಳ್ಳದ ದಂಡೆಯ ತಗ್ಗಿನಲ್ಲಿ ಆಕೆಯದೊಂದು ಕಾಯಿಪಲ್ಲೆಯ ಪಟ್ಟಿ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಆ ಪಟ್ಟಿಯ ಮೇಲೆಲ್ಲ ಹರಡಿಕೊಂಡು, ಇಳಿಯುವಾಗ ಮೆತ್ತನೆಯ ರಾಡಿ ಮಣ್ಣು ಬಿಟ್ಟು ಹೋಗುತ್ತಿತ್ತು. ದಸರೆ ಮುಗಿದ ಮೇಲೆ ಅತ್ತೆ ಅದೇ ರಾಡಿಯಲ್ಲಿ ಬದನೆ, ಮೆಂತ್ಯ, ಹಕ್ಕರಿಕೆ ಹಾಕುತ್ತಿದ್ದಳು. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ನಾನು ಬಸ್ ಹಿಡಿದು ಅಲ್ಲಿಗೆ ಓಡುತ್ತಿದ್ದೆ. ಹಕ್ಕರಿಕೆಯ ಎಲೆ ಕಿತ್ತು, ಹಳ್ಳದ ನೀರಲ್ಲಿ ಜಾಲಿಸಿ, ಗುರೆಳ್ಳು ಪುಡಿ, ಮೊಸರಿನ ಜೊತೆ ರೊಟ್ಟಿಯ ಮೇಲಿಟ್ಟು ಕೊಡುತ್ತಿದ್ದಳು. ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತು ತಿನ್ನುತ್ತಿದ್ದೆ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವು.

ಬೇಸಿಗೆಯಲ್ಲಿ ಹರಿವು ನಿಂತರೂ ಮರಳಿನ ಕೆಳಗೆ ನೀರಿರುತ್ತಿತ್ತು. ಅತ್ತೆ ಕುಕ್ಕರಗಾಲಲ್ಲಿ ಕೂತು ಕೈಯಿಂದ ಮರಳು ತೋಡಿದರೆ, ಮೊಣಕೈ ಮುಳುಗುವ ಮೊದಲೇ ತಳದಲ್ಲಿ ನೀರು ಒಸರುತ್ತಿತ್ತು. ಆ ಕುಳಿಗೆ ವರತಿ ಎನ್ನುತ್ತಾರೆ. ಮೊದಲು ಬಂದ ನೀರನ್ನು ಮೊಗೆದು ಚೆಲ್ಲಬೇಕು, ಎರಡನೆಯ ಸಲದ್ದನ್ನೂ ಚೆಲ್ಲಬೇಕು, ಆಮೇಲೆ ಬರುವುದು ತಿಳಿ. ವರತಿಯ ನೀರಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಊರ ಹೆಂಗಸರೆಲ್ಲ ಕೊಡ ಹಿಡಿದು ಬರುತ್ತಿದ್ದರು. ಅತ್ತೆ ಅವರ ನಡುವೆ ಆ ಹಳ್ಳ ತನ್ನ ತವರಿನ ಬಳುವಳಿ ಎಂಬಂತೆ ಓಡಾಡುತ್ತಿದ್ದಳು.

ಆದರೆ ನೋಡುವವರ ಕಣ್ಣಿಗೆ ಆ ಹಳ್ಳ ಶುದ್ಧ ಗಲೀಜು. ಎಂದೋ ಬಿರುಗಾಳಿಗೆ ಉರುಳಿದ ಹೊಂಗೆ ಮರವೊಂದು ಅಡ್ಡ ಬಿದ್ದಿತ್ತು. ಅದರಿಂದ ಕೆಳಗೆ, ಹರಿವಿನುದ್ದಕ್ಕೂ ನಾಲ್ಕಾರು ಕಡೆ, ಅತ್ತೆಯ ಗಂಡ, ನಮ್ಮ ಮಾವ, ಹಾಕಿದ ಕಟ್ಟುಗಳು. ಲಕ್ಕಿ ಗಿಡದ ಹಸಿ ಗೂಟಗಳನ್ನು ಹಳ್ಳಕ್ಕೆ ಅಡ್ಡಲಾಗಿ ಹೊಡೆದು, ನಡುವೆ ಟೊಂಗೆಗಳನ್ನು ಬುಟ್ಟಿಯಂತೆ ಹೆಣೆದು, ಒಂದಿಷ್ಟು ಹುಲ್ಲು ಮಣ್ಣು ತುರುಕಿದರೆ ಅದೇ ಕಟ್ಟು. ದೊಡ್ಡ ಮಳೆಗೆ ಅರ್ಧ ಕೊಚ್ಚಿ ಹೋಗುತ್ತಿತ್ತು. ಹಳ್ಳ ಇಳಿದ ಮೇಲೆ ಗಂಡ ಹೆಂಡತಿ ಮತ್ತೆ ಹೆಣೆಯುತ್ತಿದ್ದರು. ಮಾವ ತೀರಿಹೋದ ಮೇಲೂ ಅತ್ತೆ ಆ ಕೆಲಸ ಬಿಡಲಿಲ್ಲ.

ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಕಲಿಸಲು ಸೇರಿದ ಹೊಸತು. ಕಲಿತದ್ದನ್ನು ಯಾರ ತಲೆಗಾದರೂ ಕಟ್ಟಬೇಕೆಂಬ ಹುರುಪು. ಒಂದು ಬೇಸಿಗೆ ಅತ್ತೆಯ ಊರಿನ ಕಟ್ಟೆಯ ಮೇಲೆ ನಿಂತು ಭಾಷಣವನ್ನೇ ಮಾಡಿದೆ. ನೀರು ಹರಿಯಬೇಕು, ನಿಂತರೆ ಸೊಳ್ಳೆ, ಸೊಳ್ಳೆಯಿಂದ ರೋಗ, ಹಳ್ಳದಲ್ಲಿ ಕಟ್ಟಿಗೆ ಕೊಳೆಯಲು ಬಿಡುವುದು ದಡ್ಡತನ ಎಂದೆಲ್ಲ ಹೇಳಿದೆ. ಜನ ತಲೆದೂಗಿದರು. ಎರಡು ಭಾನುವಾರ ಊರೇ ಹಳ್ಳಕ್ಕೆ ಇಳಿಯಿತು. ದಂಡೆಯ ಲಕ್ಕಿ ಪೊದೆಗಳನ್ನು ಬೇರುಸಹಿತ ಕಿತ್ತೆವು. ಮಾವನ ಕಟ್ಟುಗಳನ್ನು ಕಿತ್ತು ಒಲೆಗೆ ಹಂಚಿದೆವು. ಹೊಂಗೆಯ ಮರಕ್ಕೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆಸಿದೆ. ಅತ್ತೆ ಬುಟ್ಟಿ ತುಂಬ ರೊಟ್ಟಿ, ಝುಣಕ ಹೊತ್ತು ತಂದಿದ್ದಳು. ಮರ ದಂಡೆ ಹತ್ತುವಾಗ ಒಂದು ಗಳಿಗೆ ನಿಂತು ನೋಡಿದಳು, ಆಮೇಲೆ ಬಡಿಸತೊಡಗಿದಳು. ಹಳ್ಳ ನಮ್ಮ ಕಾಲೇಜಿನ ವರಾಂಡದ ಹಾಗೆ ನೆಟ್ಟಗೆ ಕಾಣುತ್ತಿತ್ತು. ಊರವರು ನನಗೆ ಶಾಲು ಹೊದಿಸಿದರು.

ಆ ವರ್ಷದ ಮಳೆಯಲ್ಲಿ ಹಳ್ಳ ಎಲ್ಲೂ ಉಕ್ಕಲಿಲ್ಲ, ಒಂದೇ ಓಟಕ್ಕೆ ಓಡಿಹೋಯಿತು. ಎಲ್ಲರೂ ಬೆನ್ನು ತಟ್ಟಿದರು. ಬೇಸಿಗೆಯಲ್ಲಿ ಅತ್ತೆ ವರತಿ ತೋಡಿದಾಗ ಭುಜದವರೆಗೆ ಕೈ ಹೋದರೂ ಮರಳು ಒಣಗಿಯೇ ಇತ್ತು. ಮುಂದಿನ ಮಳೆಗಳು ಮರಳನ್ನೂ ಹೊತ್ತುಕೊಂಡು ಹೋದವು. ತಳದಲ್ಲಿ ಗರಸಿನ ಗಟ್ಟಿ ನೆಲ ಎದ್ದಿತು, ಹಳ್ಳ ವರ್ಷವರ್ಷಕ್ಕೂ ಆಳಕ್ಕೆ ಕೊರೆದುಕೊಂಡಿತು. ಪಟ್ಟಿಯ ಮೇಲೆ ನೀರೂ ಬರಲಿಲ್ಲ, ರಾಡಿಯೂ ಬರಲಿಲ್ಲ. ಅತ್ತೆ ಹುಬ್ಬಳ್ಳಿಗೆ ಬರುವಾಗ ಬದನೆಕಾಯಿ ತರುವುದು ನಿಂತುಹೋಯಿತು. ನಾನು ಬೋರ್‌ವೆಲ್‌ಗಳನ್ನು ಬೈದೆ, ಮಳೆಯನ್ನು ಬೈದೆ, ಸರಕಾರವನ್ನಂತೂ ಬಾಯಿತುಂಬ ಬೈದೆ. ನನ್ನ ಹೆಸರು ನನ್ನ ಬಾಯಿಂದ ಬರಲಿಲ್ಲ, ಬೇರೆ ಯಾರ ಬಾಯಿಂದಲೂ ಬರಲಿಲ್ಲ.

ಹೀಗೇ ಇಪ್ಪತ್ತೈದು ವರ್ಷ ಕಳೆದಿರಬೇಕು. ಮಣ್ಣು ನೀರಿನ ವಿಷಯ ಓದುತ್ತಿದ್ದ ನನ್ನ ಮಗಳು ಒಂದು ದಿನ ಅತ್ತೆಯ ಮನೆಯಲ್ಲಿ ಕೂತು ಫೋನಿನಲ್ಲಿ ಒಂದು ಪ್ರಾಣಿಯನ್ನು ತೋರಿಸಿದಳು. ಬೀವರ್ ಎಂದು ಅದರ ಹೆಸರು, ಪರದೇಶದ್ದು. ಚಪ್ಪಟೆ ಬಾಲ, ಉಳಿಯಂಥ ಹಲ್ಲು. ಮರ ಕಡಿದು, ಟೊಂಗೆ ಎಳೆತಂದು, ನದಿಗೆ ಅಡ್ಡ ಪೇರಿಸುತ್ತಿತ್ತು. ಆ ದೇಶದವರು ಹಿಂದೆ ಚರ್ಮದ ಆಸೆಗೆ ಇವನ್ನು ಕೊಂದರಂತೆ, ನದಿಯಲ್ಲಿ ಬಿದ್ದ ಮರಗಳನ್ನು ಕಸವೆಂದು ಎಳೆದು ಹಾಕಿದರಂತೆ. ನದಿಗಳು ಓಡಿ ಓಡಿ ಆಳಕ್ಕಿಳಿದು, ಅಕ್ಕಪಕ್ಕದ ತಗ್ಗುಗಳು ಒಣಗಿದವಂತೆ. ಈಗ ಬೀವರುಗಳನ್ನು ಕರೆತಂದು ಬಿಡುತ್ತಾರೆ, ಇಲ್ಲದ ಕಡೆ ತಾವೇ ಗೂಟ ಹೊಡೆದು ಟೊಂಗೆ ಹೆಣೆಯುತ್ತಾರೆ. ಮಗಳಿಗೆ ನನ್ನ ಪ್ರತಾಪ ಗೊತ್ತಿರಲಿಲ್ಲ. ಆಕೆ ಹೇಳುತ್ತ ಹೋದ ಹಾಗೆ ಆ ಹೊಂಗೆಯ ಮರ ದಂಡೆ ಹತ್ತಿದ್ದು ನನ್ನ ಕಣ್ಣ ಮುಂದೆ ಬಂತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ಆ ಪ್ರಾಣಿಯನ್ನೇ ನೋಡುತ್ತಿದ್ದಳು.

“ಹಲ್ಲು ನೋಡ ಇದರದು. ನಿಮ್ಮ ಮಾವನ ಹಲ್ಲೂ ಹಿಂಗ ಇದ್ವು,” ಎಂದಳು.

ಒಂದೆರಡನ್ನು ತರಿಸಲು ಬರುತ್ತದೆಯೇ ಎಂದೂ ಕೇಳಿದಳು. ನಮ್ಮ ಬಿಸಿಲಿಗೆ ಅವು ಬಾಳುವುದಿಲ್ಲ, ಇಲ್ಲಿಗೆ ತರಲೂಬಾರದು ಎಂದಳು ಮಗಳು. ಹಾಗಾದರೆ ನಾವೇ ಬೀವರ್ ಆಗಬೇಕು ಎಂದು ಅತ್ತೆ ನಕ್ಕಳು. ಆಕೆಗೆ ಆಗಲೇ ಎಂಬತ್ತರ ಹತ್ತಿರ. ಆಕೆ ಇರುವಾಗಲೇ ವರತಿಗೆ ನೀರು ಬರಬೇಕು ಎಂಬ ಹಟ ನನ್ನನ್ನು ಅಂದೇ ಹಿಡಿಯಿತು.

ಮೊದಲ ಕಟ್ಟನ್ನು ನಾನು ನನ್ನ ಹಾಗೇ ಕಟ್ಟಿದೆ. ದಾರ ಹಿಡಿದು, ಮಟ್ಟ ನೋಡಿ, ಒಂದು ಹನಿ ನೀರೂ ಜಿನುಗದಂತೆ ಸಂದಿಗಳಿಗೆ ಮಣ್ಣಿನ ಚೀಲ ಜಡಿದೆ. ಮೊದಲ ಮಳೆಗೆ ಹಳ್ಳ ಅದನ್ನು ಸುತ್ತು ಹಾಕಿ ಪಕ್ಕದ ದಂಡೆಯನ್ನೇ ಹರಿದುಕೊಂಡು ಹೋಯಿತು. ನಾನು ಸಿಟ್ಟಿಗೆದ್ದು ಒಂದು ಚೀಲಕ್ಕೆ ಒದ್ದು ಕಾಲು ಉಳುಕಿಸಿಕೊಂಡೆ. ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಎಲ್ಲವನ್ನೂ ನೋಡಿದಳು.

“ಗ್ವಾಡಿ ಕಟ್ಟಬ್ಯಾಡೋ. ನೀರಿಗೆ ಸಂದಿ ಬಿಡು. ಅದು ಹೋಗ್ಲಿ, ಲಗೂ ಹೋಗಬಾರ್ದು ಅಷ್ಟ.”

ಅಂದಿನಿಂದ ಆಕೆ ಹೇಳಿದ ಹಾಗೆ ನಾನೂ ಮಗಳೂ ಕಟ್ಟಿದೆವು. ಹಸಿ ಲಕ್ಕಿ ಗೂಟಗಳು, ಅವು ಚಿಗುರುವಂಥವು. ಹೆಣಿಗೆ ಸಡಿಲ, ಸಾಲು ಸೊಟ್ಟ. ಆ ಸೊಟ್ಟ ಸಾಲನ್ನು ಸುಮ್ಮನೆ ನೋಡುತ್ತ ನಿಲ್ಲಲು ನಾನು ಪಟ್ಟ ಪಾಡು ನನಗೇ ಗೊತ್ತು. ಕೊಚ್ಚಿ ಹೋದದ್ದನ್ನು ಮತ್ತೆ ಹೆಣೆದೆವು. ಎರಡನೆಯ ವರ್ಷ ಕಟ್ಟುಗಳ ಹಿಂದೆ ಮರಳು ಕೂತಿತು. ಮೂರನೆಯ ವರ್ಷ ಗೂಟಗಳು ಪೊದೆಯಾದವು. ಹೋದ ಮಳೆಗಾಲದಲ್ಲಿ ಹಳ್ಳ ಪಟ್ಟಿಯ ಮೇಲೆ ಹರಡಿ ರಾಡಿ ಬಿಟ್ಟಿತು. ಅಷ್ಟರಲ್ಲಿ ಅತ್ತೆಗೆ ನಡೆಯುವುದೇ ಕಷ್ಟವಾಗಿತ್ತು. ನನಗೆ ಪ್ರತಿ ತಿಂಗಳೂ ಭಯ.

ಈ ಬೇಸಿಗೆ ತನ್ನನ್ನು ಹಳ್ಳಕ್ಕೆ ಇಳಿಸಿ ಎಂದಳು. ನಾನೂ ಮಗಳೂ ಕೈ ಜೋಡಿಸಿ ಕೂರಿಸಿಕೊಂಡು ಇಳಿಸಿದೆವು. ಕುಕ್ಕರಗಾಲು ಹಾಕಲಾಗದೆ ಕಾಲು ಚಾಚಿ ಕೂತು ಒಂದೇ ಕೈಯಿಂದ ಮರಳು ತೋಡಿದಳು. ನಾನು ತೋಡುತ್ತೇನೆಂದರೆ ಕೈ ಸರಿಸಿದಳು. ಮೊಣಕೈಗೆ ಇನ್ನೂ ನಾಲ್ಕು ಬೆರಳು ಇರುವಾಗ ಮರಳು ಕಪ್ಪಾಯಿತು, ಆಮೇಲೆ ಮಿನುಗಿತು. ಮೊದಲ ನೀರನ್ನು ಚೆಲ್ಲಿದಳು. ಎರಡನೆಯದಕ್ಕೆ ಕಾಯುತ್ತಿರುವಾಗ ನನಗೆ ತಡೆಯಲಾಗಲಿಲ್ಲ.

“ಅತ್ತಿ, ಅವತ್ತ ಹಳ್ಳ ಸ್ವಚ್ಛ ಮಾಡಿಸಿದ್ದು ನಂದ ತಪ್ಪಾತು.”

“ಹೌದು. ನಂಗ ಅವತ್ತ ಗೊತ್ತಿತ್ತು,” ಎಂದಳು, ಕುಳಿಯಿಂದ ಕಣ್ಣು ತೆಗೆಯದೆ.

ಮತ್ತೆ ಯಾಕೆ ತಡೆಯಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

“ನಮ್ಮ ಮನಿತನದಾಗ ಮಂದಿ ಮುಂದ ನಿಂತು ಮಾತಾಡಿದಾಂವ ನೀನ ಮೊದಲನೇದಾಂವ. ನಾ ನಡುವ ಬಾಯಿ ಹಾಕಿದ್ರ ನಿನ್ನ ಮಾರಿ ಸಣ್ಣದಾಗತಿತ್ತು. ಹಳ್ಳ ಹೋದ್ರ ಹೋಗ್ಲಿ ಅಂದೆ.”

ಮಗಳು ನೋಡುತ್ತಿದ್ದಾಳೆ ಎಂಬುದನ್ನೂ ಮರೆತು, ಅರವತ್ತರ ಹತ್ತಿರದ ನಾನು ಮರಳಿನ ಮೇಲೆ ಕುಸಿದು ಬಿಕ್ಕಿದೆ. ಅತ್ತೆ ಒದ್ದೆ ಕೈಯನ್ನು ನನ್ನ ಬೆನ್ನ ಮೇಲಿಟ್ಟು, ವರತಿ ತುಂಬುವುದನ್ನು ನೋಡುತ್ತ ಕೂತಳು.