ಕೆಮ್ಮಣ್ಣು ಹಚ್ಚಿದ ಬೆನ್ನು

ಇವತ್ತು ಭಾನುವಾರ, ಮಗಳು ಶಿರಸಿ ಪೇಟೆಯಿಂದ ಮುಖಕ್ಕೆ ಹಚ್ಚುವ ಮಣ್ಣಿನ ಪೊಟ್ಟಣವೊಂದನ್ನು ತಂದಳು. ಹೊರಗೆ ಗುಲಾಬಿ, ಸೌತೆಕಾಯಿ, ಹಲ್ಲು ಬಿಡುತ್ತಿರುವ ಒಬ್ಬ ಹುಡುಗಿ; ಒಳಗೆ ಇದ್ದದ್ದು ಬರೀ ಮಣ್ಣು. ಅವಳು ಅದನ್ನು ಬಟ್ಟಲಿಗೆ ಸುರಿದು ನೀರು ಹಾಕಿದ್ದೇ ತಡ, ಒಲೆಯ ಮುಂದೆ ನಿಂತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಒಗ್ಗರಣೆಯ ಸಾಸಿವೆ ಕರಕಲಾಗಿದ್ದೂ ಗೊತ್ತಾಗಲಿಲ್ಲ. ನೀರು ಇಳಿದ ಕೆರೆಯ ತಳದ ತಣ್ಣನೆಯ ವಾಸನೆ ಅದು... ಎಕ್ಕಂಬಿಯ ನಮ್ಮ ಪಕ್ಕದ ಮನೆಯ ದೊಡ್ಡವ್ವನ ಸೀರೆಗೆ ಯಾವಾಗಲೂ ಇದ್ದ ವಾಸನೆ.

ದೊಡ್ಡವ್ವ ನಮಗೆ ಸಂಬಂಧಿಕರೇನಲ್ಲ. ಊರಿಗೆಲ್ಲ ಆಕೆ ದೊಡ್ಡವ್ವ. ನಾನು ತ್ಯಾಗಲಿಯಿಂದ ಆ ಊರಿಗೆ ಸೊಸೆಯಾಗಿ ಹೋದಾಗ ಆಕೆಗೆ ಅರವತ್ತರ ಹತ್ತಿರ ಇರಬೇಕು. ಆಕೆಯ ಹಿತ್ತಲ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟ ಹಾಗೆ ಮಣ್ಣಿನ ಗಡಿಗೆಗಳು ಇರುತ್ತಿದ್ದವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಂದು, ಒಣಗಿಸಿ, ಸೋಸಿದ ಜೇಡಿಮಣ್ಣು ತಲೆಗೂ ಮೈಗೂ. ಹುತ್ತದ ಮಣ್ಣು ಉಳುಕಿದ ಕಾಲಿಗೆ. ಕೆಮ್ಮಣ್ಣಿನ ಹೆಂಟೆ ಮಂಗಬಾವಿಗೆ, ಸರ್ಪಸುತ್ತಿಗೆ. ಮಂಗಬಾವು ಬಂದ ಕಾಲದಲ್ಲಿ ಊರ ಮಕ್ಕಳೆಲ್ಲ ಎರಡೂ ಕೆನ್ನೆಗೆ ಕೆಮ್ಮಣ್ಣು ಬಳಿದುಕೊಂಡು ಶಾಲೆಗೆ ಹೊರಟರೆ ಯಾವುದೋ ಬಯಲಾಟದ ಮೇಳ ಹೊರಟ ಹಾಗೆ ಕಾಣುತ್ತಿತ್ತು.

ನಾನೋ, ಸ್ನೋ ಪೌಡರಿನವಳು. ಮಣ್ಣು ಹಚ್ಚಿಕೊಳ್ಳುವುದು ಎಮ್ಮೆಗಳ ಕೆಲಸ ಎಂದೇ ತಿಳಿದಿದ್ದೆ. ಆ ಮನೆಯಲ್ಲಿ ನನ್ನ ಮಾತಿಗೆ ಎಲ್ಲರೂ ನಗುತ್ತಿದ್ದರು. ‘ಏನು’ ಎನ್ನುವಲ್ಲಿ ನಮ್ಮ ಕಡೆಯ ಹಾಗೆ ‘ಎಂತ’ ಎಂದರೆ ಸಾಕು, ಮೈದುನ ಇಡೀ ದಿನ ‘ಎಂತ, ಎಂತ’ ಎನ್ನುತ್ತ ತಿರುಗುತ್ತಿದ್ದ. ಹಗಲೆಲ್ಲ ಕೆಲಸ ಮಾಡುತ್ತಿದ್ದೆ, ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಚಹಾ ಆಯಿತೇ ಎಂಬುದನ್ನು ಬಿಟ್ಟು ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಅಂಥದ್ದರಲ್ಲಿ ಗಂಡನ ಕಡೆಯ ಒಂದು ಮದುವೆ ಬಂತು. ನೆಂಟರೆಲ್ಲ ನನ್ನನ್ನು ನೋಡುವವರು, ಸ್ವಲ್ಪ ಬೆಳ್ಳಗೆ ಕಾಣಬೇಕೆಂದು ನನಗೆ ಆಸೆ. ಪೌಡರು ಮುಗಿದಿತ್ತು. ಹಿತ್ತಲಲ್ಲಿ ಒಂದು ಬೋಗುಣಿ ತುಂಬ ಕಲಸಿಟ್ಟ ಶೇಡಿ ಕಂಡಿತು. ನಮ್ಮ ಕಡೆ ಗೋಡೆಗೆ ಚಿತ್ರ ಬರೆಯುವ ಬಿಳಿ ಮಣ್ಣು ಅದು. ಚಿಕ್ಕವರಿದ್ದಾಗ ಆಟಕ್ಕೆ ಮುಖಕ್ಕೆ ಬಳಿದುಕೊಂಡದ್ದೂ ಉಂಟು. ಅದೇ ಧೈರ್ಯದ ಮೇಲೆ ದಪ್ಪಗೆ ಬಳಿದುಕೊಂಡೆ. ಅತ್ತೆ ಅದಕ್ಕೆ ಸುಣ್ಣ ಸೇರಿಸಿ ಇಟ್ಟಿದ್ದರೆಂದು ನನಗೇನು ಗೊತ್ತು? ಸ್ವಲ್ಪ ಹೊತ್ತಿಗೆ ಮುಖಕ್ಕೆ ಕೆಂಡ ಇಟ್ಟ ಹಾಗಾಯಿತು. ನಾನು ಕಿರುಚಿದ್ದಕ್ಕೆ ಬೇಲಿಯಾಚೆಯಿಂದ ದೊಡ್ಡವ್ವ ಓಡಿ ಬಂದಳು. ಕೊಡಗಟ್ಟಲೆ ತಣ್ಣೀರು ಹೊಯ್ದು ತೊಳೆದಳು. ಕಣ್ಣಿಗೆ ಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಗದ್ದ ಹಿಡಿದು ನೋಡಿ ನಕ್ಕಳು ನೋಡಿ!

“ಅಯ್ಯ ಯವ್ವಾ, ಗ್ವಾಡಿಗೆ ಬಳ್ಯೂದನ್ನ ಮಾರಿಗೆ ಬಳಕೊಂಡೀಯಲ್ಲ! ಇನ್ನ ಕಿಡಕಿ ಎಲ್ಲಿ ಇಡಸ್ತೀ?”

ಉರಿ ಇಳಿದ ಮೇಲೆ, ಕೆಂಪು ಕಲೆ ಉಳಿದ ಮುಖಕ್ಕೆ ಆಕೆ ಮಜ್ಜಿಗೆಯಲ್ಲಿ ನೆನೆಸಿದ ಕೆರೆಮಣ್ಣನ್ನು ತೆಳ್ಳಗೆ ಸವರಿದಳು. ಮಾತಾಡಬೇಡ, ನಗಬೇಡ, ಮಣ್ಣು ಒಡೆಯುತ್ತದೆ ಎಂದು ತಾಕೀತು ಮಾಡಿ, ಆಮೇಲೆ ತಾನೇ ನಗಿಸುವ ಕತೆ ಹೇಳುತ್ತ ಕೂತಳು. ಮದುವೆಯೇನೋ ತಪ್ಪಿತು. ಆದರೆ ತವರು ಬಿಟ್ಟ ಮೇಲೆ ನನ್ನ ಮುಖವನ್ನು ಪ್ರೀತಿಯಿಂದ ಮುಟ್ಟಿದ ಮೊದಲ ಕೈ ಅದು. ಚರ್ಮ ತಿಳಿಯಾದ ದಿನ ಆಕೆಯ ಕಟ್ಟೆಗೆ ಹೋಗಿ, ‘ದೊಡ್ಡವ್ವಾ, ನಿಮ್ಮಿಂದ ಬಹಳ ಉಪಕಾರ...’ ಎನ್ನುವಷ್ಟರಲ್ಲಿ ಆಕೆ ಗಾಬರಿಯಾಗಿ ನನ್ನ ಮಾತು ಕಡಿದಳು.

“ಔಷಧ ಹಚ್ಚಿದವರಿಗೆ ಉಪಕಾರಾತು ಅನಬಾರದು. ಅಂದ್ರ ವಾಸಿ ಆದದ್ದು ಹೊಳ್ಳಿ ಬರ್ತೈತಿ.”

ಹೋದ ರೋಗ ಮರಳಿ ಬಂದೀತೆಂದು ಆಕೆ ಔಷಧಕ್ಕೆ ಪ್ರತಿಯಾಗಿ ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ವಾಸಿಯಾದವರು ಸುಮ್ಮನೆ ಎದ್ದು ಹೋಗಬೇಕು, ಅಷ್ಟೇ. ಎಂಥ ಒಣ ಪದ್ಧತಿ ಎಂದು ನನಗೆ ಬೇಸರವೇ ಆಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ದೊಡ್ಡವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ನಗು ಇರಲಿಲ್ಲ. ಸೊಂಟದ ಬಲಗಡೆ ಉರಿ, ಗುಳ್ಳೆ, ಸರ್ಪಸುತ್ತು. ಬೆನ್ನೆಲುಬಿನ ಹತ್ತಿರ ಬಾಲ, ಹೊಕ್ಕುಳ ಕಡೆ ಹೆಡೆ. ಅವೆರಡೂ ಸುತ್ತು ಹಾಕಿ ಒಂದನ್ನೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಆ ಕಡೆಯವರ ನಂಬಿಕೆ. ಎಷ್ಟೋ ಜನರ ಮೈಮೇಲೆ ಆ ಹೆಡೆ ಬಾಲಗಳ ನಡುವೆ ಕೆಮ್ಮಣ್ಣಿನ ಗೆರೆ ಎಳೆದು ತಡೆದವಳು ಆಕೆಯೇ.

“ನನ್ನ ಕೈ ನನಗ ನಾಟಂಗಿಲ್ಲ,” ಎಂದಳು. “ಸೊಸೀದೂ ನಡ್ಯಂಗಿಲ್ಲ, ಒಂದ ಒಲೀದು ಉಂಡಾಕಿ. ಹೊರಗಿನ ಕೈ ಬೇಕು. ನೀ ಹಚ್ಚು.”

“ನಂಗೆ ಎಂತದೂ ಗೊತ್ತಿಲ್ಲ ದೊಡ್ಡವ್ವಾ...”

“ಗೊತ್ತಿದ್ದಾಕಿ ನಾ ಅದೀನಲ್ಲ. ನಿನ್ನ ಕೈಯಷ್ಟ ಬೇಕು.”

ಸಾಣೆಕಲ್ಲಿನ ಮೇಲೆ ಕೆಮ್ಮಣ್ಣು ತೇಯ್ದು, ಹತ್ತಿಯಲ್ಲಿ ಅದ್ದಿ, ಆಕೆ ಹೇಳಿದ ಹಾಗೆ ಹಚ್ಚುತ್ತ ಹೋದೆ. ಗುಳ್ಳೆಯ ಮೇಲೆ ಒತ್ತಬಾರದು, ಸುತ್ತಲೂ ಸವರಬೇಕು. ಹೆಡೆಯ ಮುಂದೊಂದು, ಬಾಲದ ಹಿಂದೊಂದು ದಪ್ಪ ಗೆರೆ. ಬಿಸಿಲಿಗೆ ಸುಟ್ಟ ಆಕೆಯ ತೋಳು ನೋಡಿದವಳಿಗೆ ಆ ಬೆನ್ನು ಬೇರೆ ಯಾರದೋ ಅನ್ನಿಸಿತು; ಅಷ್ಟು ನುಣುಪು, ಅಷ್ಟು ಬಿಳುಪು. ಊರಿನ ಯಾರೂ ಕಂಡಿರದ ಆ ಬೆನ್ನನ್ನು ಆಕೆ ನನ್ನ ಮುಂದೆ ಬಿಟ್ಟು ಕೂತಿದ್ದಳು.

ದಿನವೂ ಬೆಳಿಗ್ಗೆ ಆಕೆ ಕೇಳುವುದು ಒಂದೇ ಮಾತು: ‘ಎಷ್ಟ ಉಳದೈತಿ?’ ಆಕೆಗೆ ಬೆನ್ನು ಕಾಣುವುದಿಲ್ಲವಲ್ಲ. ನಾನು ಹೆಡೆ ಬಾಲಗಳ ನಡುವೆ ಎಡಮಗ್ಗುಲಿನಲ್ಲಿ ಗುಳ್ಳೆಯಿಲ್ಲದೆ ಉಳಿದ ಬಯಲು ಜಾಗಕ್ಕೆ ಗೇಣು ಹಾಕಿ ಹೇಳುತ್ತಿದ್ದೆ. ‘ನಿನ್ನ ಗೇಣು ಸಣ್ಣದು, ಸರೀ ಹಾಕು’ ಎಂದು ಜಗಳಕ್ಕೂ ಬರುತ್ತಿದ್ದಳು. ಮಗ ಆಕೆಯನ್ನು ಶಿರಸಿಯ ಡಾಕ್ಟರರ ಬಳಿಗೂ ಕರೆದುಕೊಂಡು ಹೋಗಿದ್ದ, ಗುಳಿಗೆಯೂ ನಡೆಯುತ್ತಿತ್ತು. ಅದು ಹಾಗೆಲ್ಲ ಸುತ್ತುವುದಿಲ್ಲ ಅಜ್ಜಿ ಎಂದು ಅವರು ಹೇಳಿ ಕಳಿಸಿದ್ದರಂತೆ. ಹೆದರಿದವರಿಗೆ ಅದೆಲ್ಲ ಎಲ್ಲಿ ಕೇಳಿಸುತ್ತದೆ?

ಒಂದು ದಿನ ಹೆಡೆಯ ಕಡೆ ಹೊಸದಾಗಿ ಒಂದೆರಡು ಗುಳ್ಳೆ ಎದ್ದಿದ್ದವು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ದೊಡ್ಡವ್ವ ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನನಗಿನ್ನೂ ಸಾಯಾಕ ಮನಸಿಲ್ಲವ್ವ,” ಎಂದಳು. “ನೀ ಗೇಣ ಹಾಕಿದ ಕೈ ತಗೀಬ್ಯಾಡ. ಹಂಗ ಇರ್ಲಿ.”

ಕೆಮ್ಮಣ್ಣು ಒಣಗಿ ಬಿರಿಯುವವರೆಗೂ ಆ ಬಯಲು ಜಾಗದ ಮೇಲೆ ಅಂಗೈ ಇಟ್ಟುಕೊಂಡೇ ಕೂತೆ. ಒಳಗಿನಿಂದ ಅತ್ತೆ ಕೂಗುತ್ತಲೇ ಇದ್ದರು. ಏಳಲಿಲ್ಲ. ಆ ಊರಿನಲ್ಲಿ ನಾನೂ ಒಬ್ಬರಿಗೆ ಬೇಕಾದವಳು ಎಂದು ನನಗೆ ಅನ್ನಿಸಿದ್ದು ಅಲ್ಲೇ.

ಗುಳ್ಳೆ ಬತ್ತಿದವು, ಹಕ್ಕಳೆ ಉದುರಿತು. ಮಣ್ಣಿನಿಂದಲೋ ಗುಳಿಗೆಯಿಂದಲೋ ಎಂಬ ಪಂಚಾಯಿತಿಗೆ ನಾನು ಹೋಗುವುದಿಲ್ಲ. ತಲೆಗೆ ನೀರು ಹಾಕಿಕೊಂಡ ದಿನ ದೊಡ್ಡವ್ವ ನಮ್ಮ ಬಾಗಿಲ ಮುಂದೆಯೇ ಹಾದು ಹೋದಳು, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಪದ್ಧತಿ ಗೊತ್ತಿದ್ದೂ ನನಗೆ ಚುರುಕ್ಕೆಂದಿತು. ಆದರೆ ಮರುವಾರದಿಂದ ಉಳುಕಿದ ಕಾಲು, ಬಾತ ಕೆನ್ನೆ ಹೊತ್ತುಕೊಂಡು ಜನ ನನ್ನನ್ನು ಹುಡುಕಿ ಬರತೊಡಗಿದರು. ‘ತ್ಯಾಗಲಿಯಾಕೀ ಕೈ ನಾಟತೈತಿ, ಹೋಗ್ರಿ’ ಎಂದು ಆಕೆಯೇ ಕಳಿಸುತ್ತಿದ್ದಳಂತೆ. ಮೈದುನನ ‘ಎಂತ ಎಂತ’ ಯಾವಾಗ ನಿಂತಿತೋ ನೆನಪಿಲ್ಲ.

ಮಗಳು ಹುಟ್ಟಿದ ಮೇಲೆ ನಾವು ಶಿರಸಿಗೆ ಬಂದೆವು. ಎಕ್ಕಂಬಿಗೆ ಹೋದಾಗಲೆಲ್ಲ ಆಕೆಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ಬರುಬರುತ್ತ ಅದೂ ಕಡಿಮೆಯಾಯಿತು... ಹೋದ ವರ್ಷ ಮಳೆ ಹಿಂದಾದ ಮೇಲೆ ಆಕೆಯ ಸೊಸೆ ಫೋನ್ ಮಾಡಿದಳು: ಅತ್ತೆ ಊಟ ಬಿಟ್ಟಿದ್ದಾರೆ, ನಿಮ್ಮನ್ನು ಕೇಳುತ್ತಿದ್ದಾರೆ. ಬಸ್ಸು ಹಿಡಿದು ಹೋದೆ. ಚಾಪೆಯ ಮೇಲೆ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಪಾದ ಎರಡೂ ಬಾತಿದ್ದವು. ಡಾಕ್ಟರರು ನೋಡಿ ಹೋಗಿದ್ದರು, ಹೇಳುವಂಥದ್ದೇನೂ ಉಳಿದಿರಲಿಲ್ಲ. ಕೈ ಸುಮ್ಮನಿರದೆ, ಹುತ್ತದ ಮಣ್ಣು ನೆನೆಹಾಕಿ ಪಾದಕ್ಕಾದರೂ ಹಚ್ಚೋಣವೆಂದು ಎದ್ದೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

“ಅವತ್ತ ಬೆನ್ನಿಗೆ ಹಚ್ಚಿದಿ,” ಎಂದಳು. “ನಿನ್ನ ಉಪಕಾರ ಭಾಳ ಐತಿ ನನ್ನ ಮ್ಯಾಲ.”

ನಾನು ಆಕೆಯ ಬಾಯಿಗೆ ಕೈ ಅಡ್ಡ ಹಿಡಿದೆ. “ಹಾಗನ್ನಬೇಡಿ ದೊಡ್ಡವ್ವಾ!”

“ಹೊಳ್ಳಿ ಬಂದ್ರ ಬರ್ಲಿ ಬಿಡವ್ವ.”

ಆಕೆಯ ಕಣ್ಣಿನಲ್ಲಿ ಹೆದರಿಕೆ ಹುಡುಕಿದೆ. ಇರಲಿಲ್ಲ. ನಾನೇ ಅಳುತ್ತಿದ್ದೆ, ಆಕೆ ನನ್ನ ಕೈ ಸವರುತ್ತಿದ್ದಳು. ನಾನು ಶಿರಸಿಗೆ ಮರಳಿದ ವಾರದೊಳಗೆ ದೊಡ್ಡವ್ವ ತೀರಿಕೊಂಡಳು.

ಈಗ ಮಗಳು ಮುಖ ತೊಳೆದು, ಕನ್ನಡಿಯ ಮುಂದೆ ನಿಂತು ಕೆನ್ನೆ ಒತ್ತಿ ನೋಡಿಕೊಳ್ಳುತ್ತಾಳೆ. ಯಾಕಮ್ಮ, ಸಾಸಿವೆ ಕರಕಲಾಯಿತಲ್ಲ ಎನ್ನುತ್ತಾಳೆ. ಆಕೆ ಇಲ್ಲ ಎಂಬುದು ಒಂದೊಂದು ದಿನ ಹೀಗೆ ವಾಸನೆಯಾಗಿ ಮನೆಯೊಳಗೆ ಬಂದುಬಿಡುತ್ತದೆ, ಅದನ್ನು ಇವಳಿಗೆ ಹೇಗೆ ಹೇಳುವುದು? ಸುಟ್ಟ ಮುಖ ವಾಸಿಮಾಡಿದವಳಿಗೆ, ಊರಿನೊಳಗೆ ನನ್ನನ್ನು ಕೂರಿಸಿದವಳಿಗೆ ನಾನು ಕೊನೆಗೂ ಆ ಒಂದು ಮಾತು ಹೇಳಲಿಲ್ಲ. ಇನ್ನು ಹೇಳಿದರೆ ತಪ್ಪಿಲ್ಲ, ಕೇಳಿ ಬೈಯುವವಳೂ ಇಲ್ಲ. ಆದರೂ ಬಾಯಿ ಬರುವುದಿಲ್ಲ. ಹೇಳಿಬಿಟ್ಟರೆ ಆಕೆ ಕೊಟ್ಟದ್ದೆಲ್ಲ ಹೊಳ್ಳಿ ಹೋದೀತು ಎಂದು ನನಗೆ ಇನ್ನೂ ಹೆದರಿಕೆ.