ಕಾಕಾನ ಜೀಪಿನ ಆಲ್ಟರ್ನೇಟರ್

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ನಾನು ಗಾಡಿಗಳ ಕರೆಂಟಿನ ಕೆಲಸ ಮಾಡುತ್ತೇನೆ. ಬಿಡುವಿದ್ದಾಗ ಎಲ್ಲರ ಅಣಕು ಮಾಡುತ್ತೇನೆ. ಬಿಡುವಿಲ್ಲದಾಗಲೂ ಮಾಡುತ್ತೇನೆ. ಸುರಪುರ ಬಸ್ಸಿನ ಕಂಡಕ್ಟರು, ಹತ್ತಿ ದಲ್ಲಾಳಿ, ನನಗೆ ಕೆಲಸ ಕಲಿಸಿದ ಉಸ್ತಾದರು, ಕನ್ನಡಿ ಮುಂದೆ ತಲೆ ಬಾಚುವ ನಾನು, ಯಾರನ್ನೂ ಬಿಟ್ಟಿಲ್ಲ.

ಕಳೆದ ತಿಂಗಳು ಹತ್ತಿಕುಣಿಯಿಂದ ನಮ್ಮ ಕಾಕಾ ತಮ್ಮ ಜೀಪು ತಂದರು. ಹೊಲದ ಕೆಲಸಕ್ಕೆ ಹೆಣ್ಣಾಳುಗಳನ್ನು ಒಯ್ಯುವ ಗಾಡಿ. ಎರಡು ದಿನದಿಂದ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಯಾದಗಿರಿಯ ಗ್ಯಾರೇಜುಗಳನ್ನೆಲ್ಲ ಬಿಟ್ಟು ಇಷ್ಟು ದೂರ ಬಂದದ್ದು ನಾನಿದ್ದೇನೆಂದು.

ಉಸ್ತಾದರು ಚಹಾಕ್ಕೆ ಹೋಗಿದ್ದರು. ನಾನು ಇಂಜಿನ್ ಚಾಲೂ ಇಟ್ಟು, ಹೊಸದಾಗಿ ತರಿಸಿದ್ದ ಅಂಗೈಯಗಲದ ಸ್ಕೋಪ್ ಹಚ್ಚಿದೆ. ಕರೆಂಟು ಹೇಗೆ ಬರುತ್ತಿದೆ ಎಂಬುದನ್ನು ಅದು ಗೆರೆಯಾಗಿ ತೋರಿಸುತ್ತದೆ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನೊಳಗೆ ಡಯೋಡ್ ಸುಟ್ಟಿದ್ದರೆ, ಹಲ್ಲು ಬಿದ್ದ ಬಾಯಂತೆ ಗೆರೆಯ ನಡುನಡುವೆ ಗುಂಡಿ ಕಾಣಬೇಕು. ಇಲ್ಲಿ ಸಣ್ಣ ಉಬ್ಬುಗಳು ಒಂದೇ ಸಮ ಸಾಲಾಗಿ ಹೊರಟಿದ್ದವು. ಆಲ್ಟರ್ನೇಟರಿನ ಹತ್ತಿರ ಹದಿನಾಲ್ಕು ವೋಲ್ಟು, ಬ್ಯಾಟರಿಯ ಹತ್ತಿರ ಹನ್ನೆರಡು. ನಡುವಿನ ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಅಷ್ಟೇ ರೋಗ.

ಉಸ್ತಾದರು ಬಂದು ಬಾನೆಟ್ಟಿನೊಳಗೆ ಬಗ್ಗಿದರು. "ಆಲ್ಟರ್ನೇಟರ್ ಖತಂ ಆಗ್ಯದರಿ. ಬದಲಿ ಮಾಡಬೇಕು."

"ಕಾಕಾ, ಅದು ಚೊಲೊ ಅದ. ವೈರ್ ಅಷ್ಟ ಕೆಟ್ಟದ," ಎಂದೆ.

ಉಸ್ತಾದರು ನನ್ನತ್ತ ನೋಡಲಿಲ್ಲ. ಕಾಕಾನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಹುಡುಗ ಮುಂಜಾನಿಂದ ನಾಕು ಮಂದಿನ್ನ ಅಣಕಿಸ್ಯಾನ. ಈಗ ಇಂಜಿನಿಯರ್ ಸಾಹೇಬರ ಪಾಳಿ," ಎಂದರು.

ಕಾಕಾ ಹೊಟ್ಟೆ ಹಿಡಿದು ನಕ್ಕರು.

"ಖರೇನ ಹೇಳಾಕತ್ತೇನಿ, ಕಾಕಾ."

"ಹೋದ ವರ್ಷ ನಮ್ಮವ್ವನ ದನಿ ತೆಗದು ನನ್ನ ಹೊಲದಿಂದ ಮನಿತನಕ ಓಡಿಸಿದ್ದಿ. ಅವಾಗೂ ಖರೇನ ಅಂದಿದ್ದಿ. ಸುಮ್ಮ ಅವರಿಗೆ ಪಾನಾ ಕೊಡು."

ಅಜ್ಜಿಯ ದನಿ ಚೆನ್ನಾಗಿ ಬಂದಿತೆಂದು ಆಗ ಬೀಗಿದ್ದೆ. ಈಗ ಎಷ್ಟು ಗಂಭೀರವಾಗಿ ಮುಖ ಮಾಡಿದರೂ ಅದೂ ಒಂದು ಅಣಕಾಗಿಯೇ ಕಾಣುತ್ತಿತ್ತು. ನಟ್ಟು ಬಿಚ್ಚುವ ಪಾನಾ ಕೊಟ್ಟೆ.

ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಿದರು. ಕಾಕಾ ನೀರು ಕುಡಿಯಲು ಹೋದಾಗ ಉಸ್ತಾದರು ನನಗೆ ಬೆನ್ನು ಮಾಡಿ, ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದು, ಆ ವೈರಿನ ತುದಿಯನ್ನು ತಾಮ್ರ ಹೊಳೆಯುವ ತನಕ ತಿಕ್ಕಿ ಬಿಗಿದರು. ಮಷೀನು ಬಿಚ್ಚುವ ಮೊದಲು ವೈರು ನೋಡಬೇಕೆಂದು ನನಗೆ ಕಲಿಸಿದವರೇ ಅವರು.

ಗಾಡಿ ಚಾಲೂ ಮಾಡಿದಾಗ ಬ್ಯಾಟರಿಯ ಮೇಲೂ ಮೀಟರು ಹದಿನಾಲ್ಕು ತೋರಿಸಿತು. "ನೋಡಿದ್ಯಾ? ಕಲಿ ಅವರ ಕಡಿಂದ," ಎಂದು ಹೇಳಿ ಕಾಕಾ ಹೊರಟರು.

"ವೈರ್ ಯಾಕ ತಿಕ್ಕಿದ್ರಿ, ಉಸ್ತಾದ್?"

"ನೀನ ಹೇಳಿದ್ಯಲ್ಲ ಮಗಾ, ವೈರ್ ಕೆಟ್ಟದ ಅಂತ."

ಕಾಕಾನ ಆಲ್ಟರ್ನೇಟರನ್ನು ಅವರು ಡೀಸೆಲ್ ಬಟ್ಟೆಯಿಂದ ಒರೆಸಿ, ಗುಜರಿಗೆ ಎಸೆಯದೆ, ಮಾರುವ ಮಾಲಿನ ಕಪಾಟಿನಲ್ಲಿಟ್ಟರು.

ನಾನು ರಸ್ತೆಗೆ ಬಂದು ಕಾಕಾನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ, ವೈರು, ಕಪಾಟು, ಒಂದೂ ಬಿಡದೆ. ದನಿ ನಡುಗುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

"ಅಳು ಭಾರಿ ಬಂದದ," ಎಂದರು. "ಇದು ಯಾರದಪ್ಪ?"